ಅರ್ಧ ಮಾತ್ರೆಯ ಚರಿತ್ರೆ

2020ರ ಏಪ್ರಿಲ್ ತಿಂಗಳ ಒಂದು ರಾತ್ರಿ ಭಟ್ಕಳದಿಂದ ನಮಗೊಂದು ಫೋನು ಬಂತು. ಕೊಲ್ಲಿಯಿಂದ ಮರಳಿದವರಲ್ಲಿ ಕೊರೋನಾ ಕಾಣಿಸಿಕೊಂಡದ್ದರಿಂದ ಊರನ್ನು ಪೂರ್ತಿ ಕಟ್ಟಿಹಾಕಿದ್ದ ದಿನಗಳವು. ಹಾಲು, ತರಕಾರಿ ಕೂಡ ಎಣಿಸಿದ ಹೊತ್ತಿಗೆ ಮಾತ್ರ ಸಿಗುತ್ತಿತ್ತು. ಹೊನ್ನಾವರದಲ್ಲಿರುವ ನಾವೂ ಶರಾವತಿ ದಾಟಿ ಆಚೆ ಹೋಗುವಂತಿರಲಿಲ್ಲ. ಫೋನು ಮಾಡಿದವಳು ಸಂಬಂಧದಲ್ಲಿ ನಮಗೆ ತಂಗಿಯಾಗಬೇಕು. ಗಂಡ ದುಬೈಯಲ್ಲಿ. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು ಮತ್ತು ಆಟಿಸಂ ಇರುವ ಹದಿಮೂರು ವರ್ಷದ ಮಗ.

ಆ ಹುಡುಗ ದಿನಾ ಸಂಜೆ ಸ್ಟೇಷನ್ನಿಗೆ ಹೋಗಿ ಮುಂಬೈ ಕಡೆಗಿನ ರೈಲನ್ನು ನೋಡಿ ಬರುತ್ತಿದ್ದ. ಅವನ ದಿನವೆಲ್ಲ ಆ ರೈಲಿನ ಸುತ್ತ ಸುತ್ತುತ್ತಿತ್ತು. ಮಾರ್ಚ್ ಕೊನೆಗೆ ರೈಲು ನಿಂತಿತು, ಶಾಲೆ ನಿಂತಿತು, ಬಾಗಿಲು ಮುಚ್ಚಿತು. ಹುಡುಗ ಉಣ್ಣುವುದನ್ನು ಬಿಟ್ಟ, ನಿದ್ದೆ ಬಿಟ್ಟ, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿದ. ಹಿಂದೆ ನೋಡಿದ್ದ ವೈದ್ಯರು ಮೊಬೈಲಿನ ಪರದೆಯಲ್ಲೇ ಅವನನ್ನು ನೋಡಿ ಒಂದು ಮಾತ್ರೆ ಬರೆದುಕೊಟ್ಟರು. ರಾತ್ರಿ ಊಟದ ನಂತರ ಅರ್ಧ.

"ಭಾಯಿ, ನೀವು ಓದುವವರು, ಬರೆಯುವವರು. ಒಂದು ಮಾತು ಹೇಳಿ" ಎಂದಳು ತಂಗಿ. "ಮಾತ್ರೆಯ ಹೆಸರನ್ನು ಮಗಳು ಮೊಬೈಲಿನಲ್ಲಿ ಹುಡುಕಿದಳು. ಖಿನ್ನತೆಯ ಔಷಧಿ ಅಂತ ಬಂತು. ನನ್ನ ಮಗನಿಗೆ ಖಿನ್ನತೆ ಇದೆ ಅಂತ ಯಾರೂ ಹೇಳಲಿಲ್ಲವಲ್ಲ. ಆಟಿಸಂಗೆ ಈ ಮಾತ್ರೆ ಯಾಕೆ?"

ಆ ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ. ವೈದ್ಯರನ್ನೇ ಕೇಳು ಎಂದೆವು. ಅದು ಸರಿಯಾದ ಸಲಹೆಯೇ, ಆದರೆ ನುಣುಚಿಕೊಳ್ಳುವ ಸಲಹೆಯೂ ಹೌದು. ಆಮೇಲೆ ಹುಡುಕುತ್ತ ಹೋದಂತೆ ಆ ಅರ್ಧ ಮಾತ್ರೆಯ ಹಿಂದೆ ಒಂದು ಉದ್ದನೆಯ ಕತೆಯಿದೆ ಎಂದು ತಿಳಿಯಿತು. ಕತೆಯ ಒಂದು ತುದಿ ನಮ್ಮದೇ ಘಟ್ಟದ ಕಾಡಿನಲ್ಲಿದೆ.

ಪಶ್ಚಿಮ ಘಟ್ಟದಲ್ಲಿ ಸರ್ಪಗಂಧಿ ಎಂಬ ಗಿಡವಿದೆ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೇಳುತ್ತಾರೆ. ಹಾವಿನ ವಿಷಕ್ಕೆ, ನಿದ್ದೆ ಬಾರದವರಿಗೆ, ಬುದ್ಧಿ ಕೆಟ್ಟವರಿಗೆ ಅದರ ಬೇರನ್ನು ಕೊಡುತ್ತಿದ್ದರು. ಉತ್ತರ ಭಾರತದ ಹಳ್ಳಿಗಳಲ್ಲಿ ಅದಕ್ಕೆ 'ಪಾಗಲ್ ಕೀ ದವಾ' ಎಂದೇ ಹೆಸರು. ದಿಲ್ಲಿಯಲ್ಲಿ ತಿಬ್ಬಿಯಾ ಕಾಲೇಜನ್ನು ಕಟ್ಟಿದ ಹಕೀಂ ಅಜ್ಮಲ್ ಖಾನರಿಗೆ ನಮ್ಮ ಗಿಡಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬ ಹಂಬಲವಿತ್ತು. ಜರ್ಮನಿಯಲ್ಲಿ ಕಲಿತು ಬಂದ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ತರುಣನಿಗೆ ಆ ಕೆಲಸ ಒಪ್ಪಿಸಿದರು. ಹಕೀಂ ಸಾಹೇಬರು 1927ರ ಕೊನೆಗೆ ತೀರಿಕೊಂಡರು. ಸಿದ್ದೀಕಿ 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಸಾರಗಳನ್ನು ಬೇರ್ಪಡಿಸಿ, ಗುರುವಿನ ನೆನಪಿಗೆ ಒಂದಕ್ಕೆ 'ಅಜ್ಮಲಿನ್' ಎಂದು ಹೆಸರಿಟ್ಟರು. ಇಂದಿಗೂ ಹೃದಯದ ಬಡಿತವನ್ನು ಪರೀಕ್ಷಿಸುವ ವೈದ್ಯರು ಆ ಹೆಸರನ್ನು ಬಳಸುತ್ತಾರೆ. ಅದು ಯಾರ ಹೆಸರೆಂದು ಎಷ್ಟು ಮಂದಿಗೆ ಗೊತ್ತೋ! ಅದೇ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಬುದ್ಧಿಭ್ರಮಣೆಗೂ ರಕ್ತದ ಒತ್ತಡಕ್ಕೂ ಉಪಯೋಗಿಯೆಂದು ಬರೆದರು.

1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪೆನಿಯವರು ಇದೇ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ತೆಗೆದರು. ಅದನ್ನು ರಕ್ತದೊತ್ತಡಕ್ಕೆ ಕೊಟ್ಟಾಗ ಕೆಲವು ರೋಗಿಗಳು ಮಂಕಾದರು, ಬದುಕೇ ಬೇಡವೆನ್ನತೊಡಗಿದರು ಎಂಬ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಸಂಶೋಧಕರು ರಿಸರ್ಪಿನ್ ದೇಹದಲ್ಲಿ ಕೂಡಿಟ್ಟ ಸಿರೊಟೋನಿನ್ ಎಂಬ ರಸವನ್ನು ಹೊರಗೆ ಹರಿಸಿ ಬರಿದು ಮಾಡುತ್ತದೆ ಎಂದು ತೋರಿಸಿದರು. ಹಾಗಾದರೆ ಈ ರಸ ಕಡಿಮೆಯಾದರೆ ಖಿನ್ನತೆ ಬರುತ್ತದೆ, ಹೆಚ್ಚಿಸಿದರೆ ಹೋಗುತ್ತದೆ ಎಂಬ ಊಹೆ ಹುಟ್ಟಿತು. ಇದು ಊಹೆ ಎಂಬುದನ್ನು ಓದುಗರು ನೆನಪಿಡಬೇಕು. ರಿಸರ್ಪಿನ್ನಿನಿಂದ ನಿಜಕ್ಕೂ ಖಿನ್ನತೆ ಬರುತ್ತಿತ್ತೇ ಎಂಬ ಬಗ್ಗೆಯೇ ಈಗ ತಜ್ಞರಲ್ಲಿ ಅನುಮಾನಗಳಿವೆ.

ಖಿನ್ನತೆಯ ಔಷಧಿಗಳು ಮಾತ್ರ ಈ ಊಹೆಯಿಂದ ಹುಟ್ಟಲಿಲ್ಲ, ಆಕಸ್ಮಿಕವಾಗಿ ಸಿಕ್ಕವು. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೋನಯಜಿಡ್ ಎಂಬ ಮಾತ್ರೆ ನುಂಗಿದವರು ಶ್ವಾಸಕೋಶ ಸುಧಾರಿಸುವ ಮೊದಲೇ ನಗತೊಡಗಿದರಂತೆ. 1957ರಲ್ಲಿ ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕೂನ್ ಇಮಿಪ್ರಮಿನ್ ಬಗ್ಗೆ ವರದಿ ಕೊಟ್ಟರು. ಮೂವತ್ತು ವರ್ಷಗಳ ನಂತರ, 1987ರ ಡಿಸೆಂಬರಿನಲ್ಲಿ, ಸಿರೊಟೋನಿನ್ನನ್ನೇ ಗುರಿಯಾಗಿಟ್ಟುಕೊಂಡ ಫ್ಲುವಾಕ್ಸೆಟಿನ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಪ್ರೊಜ್ಯಾಕ್ ಎಂಬ ಹೆಸರಿನಲ್ಲಿ ಅದು ಲೋಕಪ್ರಸಿದ್ಧವಾಯಿತು. ಸೆರ್ಟ್ರಲಿನ್, ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್ ಎಲ್ಲ ಅದರ ದಾಯಾದಿಗಳು. ನಮ್ಮ ತಂಗಿಯ ಮನೆಯ ಅರ್ಧ ಮಾತ್ರೆಯೂ ಅದೇ ವಂಶದ್ದು.

ಇಷ್ಟು ಮಾತ್ರೆಯ ಕಡೆಯ ಕತೆಯಾಯಿತು. ಮಕ್ಕಳ ಕಡೆಯ ಕತೆ ಬೇರೆಯೇ ಇದೆ.

1938ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಒಂದು ಸಣ್ಣ ಊರಿನ ವಕೀಲರೊಬ್ಬರು ಬಾಲ್ಟಿಮೋರಿನ ಡಾ. ಲಿಯೋ ಕ್ಯಾನರ್ ಅವರಿಗೆ ತಮ್ಮ ಮಗ ಡೊನಾಲ್ಡ್‌ನ ಬಗ್ಗೆ 33 ಪುಟಗಳ ಪತ್ರ ಬರೆದರು. ಹುಡುಗ ಏನನ್ನು ತಿನ್ನುತ್ತಾನೆ, ಯಾವ ಶಬ್ದಗಳನ್ನು ಹೇಳಿದ್ದನ್ನೇ ಹೇಳುತ್ತಾನೆ, ಯಾವುದನ್ನು ತಿರುಗಿಸುತ್ತ ಕೂರುತ್ತಾನೆ ಎಂಬುದೆಲ್ಲ ಅದರಲ್ಲಿತ್ತು. 1943ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಎಂಬುದು ಒಂದು ಪ್ರತ್ಯೇಕ ಸ್ಥಿತಿಯಾಗಿ ಲೋಕಕ್ಕೆ ಪರಿಚಯವಾಯಿತು. ಅದರಲ್ಲಿ ಮೊದಲನೆಯ ಮಗು ಈ ಡೊನಾಲ್ಡ್. ಅಂದರೆ ಈ ಸ್ಥಿತಿಯ ಮೊದಲ ದಾಖಲೆಯ ಅಡಿಗಲ್ಲು ಒಬ್ಬ ತಂದೆ ಮನೆಯಲ್ಲಿ ಕುಳಿತು ಬರೆದ ಟಿಪ್ಪಣಿ.

ಇಷ್ಟು ಉಪಕಾರಕ್ಕೆ ತಂದೆತಾಯಿಗಳಿಗೆ ಸಿಕ್ಕ ಪ್ರತಿಫಲ ವಿಚಿತ್ರ. ಇಂಥ ಮಕ್ಕಳ ಹೆತ್ತವರು ತಣ್ಣಗಿನ ಮನುಷ್ಯರು, ಪ್ರೀತಿ ತೋರದವರು ಎಂದು ಕ್ಯಾನರ್ ಅವರೇ ಬರೆದರು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಒಳಮನಸ್ಸಿನ ತಿರಸ್ಕಾರದಿಂದ ಮಗು ಕೋಟೆ ಕಟ್ಟಿಕೊಂಡು ಒಳಗೆ ಕೂತಿದೆ ಎಂದು ಸಾರಿದರು. ಎಷ್ಟು ತಾಯಂದಿರು ಈ ಆರೋಪವನ್ನು ಹೊತ್ತು ಸತ್ತರೋ. ಕ್ಯಾನರ್ 1969ರಲ್ಲಿ ಹೆತ್ತವರ ಸಭೆಯಲ್ಲಿ ನಿಂತು ಅವರನ್ನು ನಿರ್ದೋಷಿಗಳೆಂದು ಘೋಷಿಸಿದರು. ಆದರೆ ಮಾತು ಒಮ್ಮೆ ಊರು ಸೇರಿದರೆ ಹಿಂದೆ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಈ ಪುಸ್ತಕಗಳನ್ನು ಯಾರೂ ಓದಿರಲಿಲ್ಲ, ಆದರೂ ಮಾತು ಅದೇ: ಗಂಡ ಪರದೇಶದಲ್ಲಿ, ಹೆಂಡತಿ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂತಳು, ಮತ್ತೇನಾಗುತ್ತದೆ?

ಮಗುವಿನ ಕಡೆಯ ಕತೆಯೂ ಮಾತ್ರೆಯ ಕಡೆಯ ಕತೆಯೂ ಸೇರಿದ್ದು 1961ರಲ್ಲಿ. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಸಿರೊಟೋನಿನ್ ಹೆಚ್ಚಾಗಿದೆ ಎಂದು ಷೇನ್ ಮತ್ತು ಫ್ರೀಡ್ಮನ್ ಎಂಬ ವೈದ್ಯರು ಕಂಡುಕೊಂಡರು. ಎಲ್ಲ ಮಕ್ಕಳಲ್ಲೂ ಅಲ್ಲ, ಆದರೆ ಕಡೆಗಣಿಸುವಷ್ಟು ಕಡಿಮೆಯೂ ಅಲ್ಲ. ಮುಂದೆ ಹಲವು ಅಧ್ಯಯನಗಳು ಇದನ್ನೇ ಹೇಳಿದವು. ರಕ್ತದಲ್ಲಿರುವುದಕ್ಕೂ ಮಿದುಳಿನಲ್ಲಿ ನಡೆಯುವುದಕ್ಕೂ ಏನು ಸಂಬಂಧ ಎಂಬುದು ಬಿಡಿಸದ ಗಂಟಾಗಿಯೇ ಉಳಿಯಿತು. ಗಂಟು ಬಿಡಿಸುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಅದೇ ಹೊತ್ತಿಗೆ ನ್ಯೂಯಾರ್ಕಿನ ಪ್ರಸಿದ್ಧ ಮಕ್ಕಳ ಮನೋವೈದ್ಯೆ ಲೊರೆಟಾ ಬೆಂಡರ್, ಸಿರೊಟೋನಿನ್ನಿನ ಮೇಲೆ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ, ಆಸ್ಪತ್ರೆಯಲ್ಲಿದ್ದ ಇಂಥ ಮಕ್ಕಳಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದರು. ಇಂದು ಪೊಲೀಸರು ಹಿಡಿಯುವ ಅದೇ ಎಲ್‌ಎಸ್‌ಡಿ.

1982ರಲ್ಲಿ ಫೆನ್‌ಫ್ಲುರಮಿನ್ ಬಂತು. ಬೊಜ್ಜು ಇಳಿಸುವ ಔಷಧಿ, ಸಿರೊಟೋನಿನ್ನನ್ನು ತಗ್ಗಿಸುತ್ತದೆ. ಮೂವರು ಹುಡುಗರಿಗೆ ಕೊಟ್ಟದ್ದರಿಂದ ಗುಣ ಕಂಡಿತು ಎಂಬ ವರದಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದೇ ತಡ, ದೇಶದ ತುಂಬ ಪ್ರಯೋಗಗಳು ನಡೆದವು. ಕೇವಲ ಮೂವರು! ಹೆಚ್ಚು ಮಕ್ಕಳಿಗೆ ಕೊಟ್ಟು ನೋಡಿದಾಗ ಮೊದಲಿನ ಬೆರಗು ಉಳಿಯಲಿಲ್ಲ. ಹೃದಯದ ಕವಾಟಗಳನ್ನು ಕೆಡಿಸುತ್ತದೆ ಎಂದು ತಿಳಿದು 1997ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. (2020ರಲ್ಲಿ ಅಪರೂಪದ ಒಂದು ಬಗೆಯ ಅಪಸ್ಮಾರಕ್ಕೆ, ಕಡಿಮೆ ಪ್ರಮಾಣದಲ್ಲಿ, ಅದು ಮರಳಿ ಬಂದಿದೆ. ಅದು ಬೇರೆ ವಿಷಯ.)

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕು. 1980ರ ದಶಕದಲ್ಲಿ ಸಿರೊಟೋನಿನ್ನನ್ನು ತಗ್ಗಿಸುವ ಔಷಧಿ ಕೊಟ್ಟರು. 1990ರ ದಶಕದಲ್ಲಿ ಅದೇ ಮಕ್ಕಳಿಗೆ, ಅದೇ ಸಿದ್ಧಾಂತದ ಹೆಸರಿನಲ್ಲಿ, ನರಗಳ ನಡುವೆ ಸಿರೊಟೋನಿನ್ನನ್ನು ಹೆಚ್ಚಿಸುವ ಔಷಧಿ ಕೊಡತೊಡಗಿದರು. ಒಂದೇ ಬೀಗಕ್ಕೆ ಬಲಕ್ಕೂ ತಿರುಗಿಸಿದರು, ಎಡಕ್ಕೂ ತಿರುಗಿಸಿದರು. ವೈದ್ಯರನ್ನು ಗೇಲಿ ಮಾಡಲು ನಾವು ಇದನ್ನು ಬರೆಯುತ್ತಿಲ್ಲ. ಅವರ ಎದುರು ಕೂತ ಮಗು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿತ್ತು, ತಾಯಿ ಅಳುತ್ತಿದ್ದಳು, ಏನಾದರೂ ಕೊಡಲೇಬೇಕಿತ್ತು. ಹೊಸ ಮಾತ್ರೆಗಳಿಗೆ ಒಂದು ಹೊಂದುವ ಕಾರಣವೂ ಇತ್ತು. ಬಾರಿಬಾರಿಗೂ ಕೈ ತೊಳೆಯುವ, ಬೀಗ ನೋಡುವ ಗೀಳು ಕಾಯಿಲೆಗೆ ಅವು ಕೆಲಸ ಮಾಡುತ್ತಿದ್ದವು. ಆಟಿಸಂ ಇರುವ ಮಗುವೂ ಮಾಡಿದ್ದನ್ನೇ ಮಾಡುತ್ತದೆಯಲ್ಲ, ಇದಕ್ಕೂ ನಾಟೀತು ಎಂದುಕೊಂಡರು. 1996ರಲ್ಲಿ ವಯಸ್ಕರ ಮೇಲೆ ನಡೆದ ಒಂದು ಚಿಕ್ಕ ಪ್ರಯೋಗ ಈ ಆಸೆಗೆ ಇಂಬು ಕೊಟ್ಟಿತು. ಮಕ್ಕಳಿಗೆ ಪರೀಕ್ಷೆ ಮುಗಿಯುವ ಮೊದಲೇ ಚೀಟಿಗಳು ಹೊರಟವು.

ನಮ್ಮ ದೇಶದ 1970ರ ಪೇಟೆಂಟ್ ಕಾನೂನಿನ ಬಲದಿಂದ ನಮ್ಮ ಕಂಪೆನಿಗಳು ವಿದೇಶಿ ಔಷಧಿಯನ್ನು ಬೇರೆ ವಿಧಾನದಲ್ಲಿ ತಯಾರಿಸಿ ಅಗ್ಗವಾಗಿ ಮಾರಬಹುದಿತ್ತು. 1990ರ ದಶಕದಲ್ಲಿ ಈ ಮಾತ್ರೆಗಳು ನಮ್ಮ ಔಷಧದಂಗಡಿಗಳಿಗೂ ಬಂದವು. ಬಡವನ ಕೈಗೂ ಎಟುಕುವ ಬೆಲೆ. ಇದು ದೊಡ್ಡ ಉಪಕಾರ. ಆದರೆ ಔಷಧಿ ತಲುಪಿದ ವೇಗದಲ್ಲಿ ಅದರ ತಿಳುವಳಿಕೆ ತಲುಪಲಿಲ್ಲ. ಖಿನ್ನತೆ ಎಂಬ ಪದವನ್ನು ಕನ್ನಡಿಗರ ಮನೆಮಾತಾಗಿಸಿದ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್, ಶಿವಮೊಗ್ಗದ ಡಾ. ಅಶೋಕ್ ಪೈ ಅವರಂಥ ಕೆಲವರು ಬರೆದರು, ಮಾತಾಡಿದರು. ಆಟಿಸಂಗೆ 'ಸ್ವಲೀನತೆ' ಎಂಬ ಕನ್ನಡ ಪದವೂ ಬಂತು. ಭಟ್ಕಳದ ನವಾಯತಿಯಲ್ಲಿ ನಾವು ಈಗಲೂ ಆಟಿಸಂ ಎಂದೇ ಹೇಳುತ್ತೇವೆ. ಹೇಳುವವರಿದ್ದರೆ!

2004ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧಿ ಇಲಾಖೆ ಈ ಎಲ್ಲ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. 4,400ಕ್ಕೂ ಹೆಚ್ಚು ಮಕ್ಕಳ ಮೇಲಿನ 24 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಬರೀ ಸಕ್ಕರೆ ಗುಳಿಗೆ ತಿಂದವರಲ್ಲಿ ನೂರಕ್ಕೆ 2 ಮಂದಿಗೆ ಸಾಯುವ ಯೋಚನೆ ಅಥವಾ ಅಂಥ ವರ್ತನೆ ಬಂದರೆ, ಔಷಧಿ ತಿಂದವರಲ್ಲಿ 4 ಮಂದಿಗೆ ಬಂದಿತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಸತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳಬಲ್ಲ ಮಕ್ಕಳ ಲೆಕ್ಕವಿದು. ಮಾತೇ ಬಾರದ ಮಗುವಿನ ಒಳಗೆ ಏನು ಬಂತು, ಏನು ಹೋಯಿತು ಎಂದು ಲೆಕ್ಕ ಇಡುವವರು ಯಾರು?

ಆಟಿಸಂ ಇರುವ ಮಕ್ಕಳ ಮೇಲಿನ ದೊಡ್ಡ ಪರೀಕ್ಷೆಯ ಫಲಿತಾಂಶ 2009ರಲ್ಲಿ ಬಂತು. 5ರಿಂದ 17 ವರ್ಷದ 149 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಸಿಟಾಲೊಪ್ರಾಮ್, ಉಳಿದವರಿಗೆ ಸಕ್ಕರೆ ನೀರಿನಂಥದ್ದು. ಯಾರಿಗೆ ಯಾವುದೆಂದು ವೈದ್ಯರಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. 12 ವಾರಗಳ ನಂತರ ಔಷಧಿ ಕುಡಿದವರಲ್ಲಿ ನೂರಕ್ಕೆ 33 ಮಕ್ಕಳು ಸುಧಾರಿಸಿದ್ದರು. ಕುಡಿಯದವರಲ್ಲಿ 34! ಮಾಡಿದ್ದನ್ನೇ ಮಾಡುವ ಸ್ವಭಾವಕ್ಕೆ ಔಷಧಿಯಿಂದ ಏನೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ನಿದ್ದೆಗೇಡು, ಚಡಪಡಿಕೆ, ಹಿಂದೆಮುಂದೆ ನೋಡದೆ ನುಗ್ಗುವುದು, ಭೇದಿ ಇವು ಮಾತ್ರ ಔಷಧಿ ಕುಡಿದವರಲ್ಲಿ ಹೆಚ್ಚು. 2013ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಪರಿಶೀಲನಾ ಸಂಸ್ಥೆ ಒಂಬತ್ತು ಪ್ರಯೋಗಗಳನ್ನು ಜರಡಿ ಹಿಡಿದು, ಮಕ್ಕಳ ಆಟಿಸಂಗೆ ಈ ಮಾತ್ರೆಗಳಿಂದ ಲಾಭವಿದೆ ಎಂಬುದಕ್ಕೆ ಆಧಾರವಿಲ್ಲ, ಹಾನಿಯ ಸೂಚನೆಗಳಿವೆ ಎಂದಿತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಅದೇ ವರ್ಷ, ಆಟಿಸಂನ ಮೂಲ ಲಕ್ಷಣಗಳಿಗಾಗಿ ಇವುಗಳನ್ನು ಮಕ್ಕಳಿಗೆ ಕೊಡಬೇಡಿ ಎಂದಿತು. 2019ರಲ್ಲಿ ಆಸ್ಟ್ರೇಲಿಯಾದಿಂದ ಫ್ಲುವಾಕ್ಸೆಟಿನ್ ಬಗ್ಗೆ ಬಂದ ಅಧ್ಯಯನದಲ್ಲಿ ಅಲ್ಪಸ್ವಲ್ಪ ಆಸೆ ಕಂಡರೂ, ನಡುವೆ ಬಿಟ್ಟುಹೋದವರು ತುಂಬ ಇದ್ದುದರಿಂದ ಅದನ್ನು ನಂಬಿ ನಡೆಯುವಂತಿರಲಿಲ್ಲ.

ಹಾಗಾದರೆ ಮಾತ್ರೆಯನ್ನು ಅರಬ್ಬೀ ಸಮುದ್ರಕ್ಕೆ ಎಸೆದುಬಿಡೋಣವೇ? ತಂಗಿಯ ಮನೆಗೆ ಬಂದ ಹಿರಿಯರೊಬ್ಬರು ಹೆಚ್ಚುಕಡಿಮೆ ಅದನ್ನೇ ಹೇಳಿದರು. ಆ ವಿಷಯಕ್ಕೆ ಆಮೇಲೆ ಬರುತ್ತೇವೆ. ಆಟಿಸಂ ಕಾಯಿಲೆಯಲ್ಲ, ಅದೊಂದು ಹುಟ್ಟುಗುಣ, ಅದಕ್ಕೆ ಮಾತ್ರೆಯಿಲ್ಲ. ಆದರೆ ಆಟಿಸಂ ಇರುವ ಮಗುವಿಗೂ ಭಯ ಬರುತ್ತದೆ, ದುಃಖ ಬರುತ್ತದೆ. ಬೇರೆ ಮಕ್ಕಳಿಗಿಂತ ಹೆಚ್ಚಾಗಿಯೇ ಬರುತ್ತದೆ, ಹದಿಹರೆಯದಲ್ಲಿ ಇನ್ನೂ ಹೆಚ್ಚು. 2004ರಲ್ಲಿ ಅಮೆರಿಕದಲ್ಲಿ 439 ಹದಿಹರೆಯದವರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಖಿನ್ನತೆಗೆ ಫ್ಲುವಾಕ್ಸೆಟಿನ್ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ನೂರಕ್ಕೆ 71 ಮಂದಿ ಸುಧಾರಿಸಿದರು, ಏನೂ ಇಲ್ಲದ ಗುಳಿಗೆ ತಿಂದವರಲ್ಲಿ 35. ಅವರು ಆಟಿಸಂ ಇರುವ ಮಕ್ಕಳಲ್ಲ, ನಿಜ. ಆದರೆ ಈ ಮಾತ್ರೆ ಬರೀ ಮೋಸ ಎನ್ನುವವರಿಗೆ ಅದು ಉತ್ತರ. ನಮ್ಮ ಹುಡುಗನಿಗೆ ಮಾತ್ರೆ ಬರೆದ ವೈದ್ಯರು ಅವನ ಆಟಿಸಂಗೆ ಬರೆದದ್ದಲ್ಲ, ಅನ್ನ ನಿದ್ದೆ ಕೆಡಿಸಿದ ಅವನ ಆತಂಕಕ್ಕೆ ಬರೆದದ್ದು. ಈ ಒಂದು ವಾಕ್ಯವನ್ನು ಅಂದು ತಾಯಿಗೆ ಯಾರಾದರೂ ಹೇಳಿದ್ದರೆ ಅವಳು ಅಷ್ಟು ರಾತ್ರಿಯಲ್ಲಿ ನಮಗೆ ಫೋನು ಮಾಡುತ್ತಿರಲಿಲ್ಲ.

ಹೇಳುವವರು ಯಾರು, ಎಲ್ಲಿದ್ದಾರೆ ಎಂಬುದು ನಮ್ಮ ಜಿಲ್ಲೆಯ ಹಳೆಯ ಪ್ರಶ್ನೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ, ನಮ್ಮ ಸೀಮೆಗೆ ಹತ್ತಿರದ ಸರ್ಕಾರಿ ಹುಚ್ಚಾಸ್ಪತ್ರೆಯೆಂದರೆ ಘಟ್ಟ ಹತ್ತಿ ಹೋಗಬೇಕಾದ ಧಾರವಾಡದ್ದು. 'ಧಾರವಾಡಕ್ಕೆ ಕಳಿಸಬೇಕು' ಎಂಬ ಮಾತು ನಾವು ಚಿಕ್ಕವರಿದ್ದಾಗ ಬೈಗುಳವೇ ಆಗಿತ್ತು. ಅದೀಗ ಡಿಮ್ಹಾನ್ಸ್ ಎಂಬ ಸಂಸ್ಥೆ. 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಬಂದ ಮೇಲೆ ಭಟ್ಕಳ, ಹೊನ್ನಾವರ, ಕುಮಟೆಯವರ ಮುಖ ದಕ್ಷಿಣಕ್ಕೆ ತಿರುಗಿತು. ಮಣಿಪಾಲ, ಉಡುಪಿ, ಮಂಗಳೂರು ನಮ್ಮ ಆಸ್ಪತ್ರೆಗಳ ಊರುಗಳಾದವು. ಜಿಲ್ಲಾ ಕೇಂದ್ರ ಕಾರವಾರ ಭಟ್ಕಳದಿಂದ ನೂರು ಕಿಲೋಮೀಟರಿಗೂ ಆಚೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ಜೀವಗಳು ಹೋದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮುಗಿಲು ಮುಟ್ಟಿತ್ತು. ಮೈಗೆ ಪೆಟ್ಟಾದವರ ಗತಿಯೇ ಹೀಗಿರುವಾಗ ಮನಸ್ಸಿನ ಮಾತೇನು?

ಆದರೂ ಏನೂ ಆಗಿಲ್ಲವೆಂದರೆ ತಪ್ಪಾಗುತ್ತದೆ. ರಾಜ್ಯ ಸರ್ಕಾರ 2014ರಲ್ಲಿ 'ಮನೋಚೈತನ್ಯ' ಕಾರ್ಯಕ್ರಮ ತಂದು, ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡು ಮಾಡಿತು. 1995ರ ಅಂಗವಿಕಲರ ಕಾನೂನಿನಲ್ಲಿ ಹೆಸರೇ ಇಲ್ಲದಿದ್ದ ಆಟಿಸಂ, 1999ರ ರಾಷ್ಟ್ರೀಯ ನ್ಯಾಸ ಕಾನೂನಿನಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲೂ ಜಾಗ ಪಡೆಯಿತು. 'ನಿರಾಮಯ' ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಮಾತಾಡುತ್ತಾರೆ. ಇವೆಲ್ಲ ನಮ್ಮ ಸಮುದಾಯದಲ್ಲಿ ಎಷ್ಟು ಮಂದಿಗೆ ಗೊತ್ತು? ಅಂಗವಿಕಲತೆಯ ಕಾರ್ಡು ಮಾಡಿಸಿದರೆ ಅಕ್ಕಂದಿರ ಮದುವೆಗೆ ತೊಡಕು ಎಂದು ಅರ್ಜಿಯನ್ನೇ ಹಾಕದ ಮನೆಗಳನ್ನು ನಾವು ಭಟ್ಕಳದಲ್ಲೂ ಕಂಡಿದ್ದೇವೆ, ಹೊನ್ನಾವರದಲ್ಲೂ ಕಂಡಿದ್ದೇವೆ.

ನಮ್ಮ ಸಭೆಗಳಲ್ಲಿ ಹಳೆಯ ಆಸ್ಪತ್ರೆಗಳ ಹೆಮ್ಮೆಯನ್ನು ಆಗಾಗ ಕೇಳುತ್ತೇವೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಬುದ್ಧಿ ಕೆಟ್ಟವರಿಗೂ ಜಾಗವಿತ್ತು, ಆರೈಕೆಯಿತ್ತು. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ಕಾರಣವಿರುವ ದುಃಖ ಬೇರೆ, ಕಾರಣ ಕಾಣದ ದುಃಖ ಬೇರೆ, ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ಔಷಧಿ ಬೇಕು ಎಂದು ಬರೆದಿದ್ದರು. ಹೆಮ್ಮೆ ಪಡೋಣ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಇದ್ದ ಖಾಸಗಿ ಗುಡಿಸಲೊಂದರಲ್ಲಿ ಸರಪಳಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಬೆಂಕಿಯಲ್ಲಿ ಬೆಂದುಹೋದದ್ದೂ ನಮ್ಮದೇ ಚರಿತ್ರೆ. ದುಆ ಮಾಡುವ ತಾಯಿಯನ್ನು ನಾವು ತಡೆಯುವುದಿಲ್ಲ, ಅದು ಅವಳ ಆಸರೆ. ದುಆದ ಹೆಸರಿನಲ್ಲಿ ಮಾತ್ರೆಯನ್ನು ರಾತ್ರೋರಾತ್ರಿ ನಿಲ್ಲಿಸುವವರನ್ನು ತಡೆಯಬೇಕಾಗುತ್ತದೆ.

ತಂಗಿಯ ಮನೆಯಲ್ಲಿ ಆದದ್ದು ಅದೇ. ಮಾತ್ರೆ ಶುರುಮಾಡಿದ ಎರಡನೆಯ ವಾರ ಹುಡುಗ ರಾತ್ರಿಯಿಡೀ ಓಡಾಡತೊಡಗಿದ, ಕಿಟಕಿಯ ಸರಳು ಹಿಡಿದು ಜಗ್ಗಿದ. ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಹೀಗಾಗಬಹುದು, ಆದರೆ ಕೂಡಲೇ ತಿಳಿಸಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಫೋನು ಮಾಡಿದಾಗ ವೈದ್ಯರು ಅರ್ಧವನ್ನು ಕಾಲು ಮಾಡಿದರು, ಹುಡುಗ ತಣ್ಣಗಾದ. ಜೂನ್ ಮಳೆಯಲ್ಲಿ ಮನೆಗೆ ಬಂದ ಆ ಹಿರಿಯರು, "ಹುಚ್ಚರ ಗುಳಿಗೆ ತಿನ್ನಿಸಿ ಹುಡುಗನನ್ನು ಹುಚ್ಚನನ್ನಾಗಿ ಮಾಡುತ್ತಿದ್ದೀಯ" ಎಂದರು. ಅತ್ತೆ ತಲೆಯಾಡಿಸಿದರು. ದುಬೈಯಿಂದ ಗಂಡನೂ ನಿಲ್ಲಿಸು ಎಂದ. ನಿಲ್ಲಿಸಿದಳು. ಮೂರು ದಿನ ಕಳೆಯುವಷ್ಟರಲ್ಲಿ ಹುಡುಗ ತಲೆ ಹಿಡಿದುಕೊಂಡು ಅಳತೊಡಗಿದ, ಎದ್ದರೆ ವಾಲುತ್ತಿದ್ದ, ಗೋಡೆಗೆ ಹಣೆ ಬಡಿದುಕೊಂಡ. ಈ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು, ಮೈಯಲ್ಲಿ ಕರೆಂಟು ಹರಿದಂಥ ಅನುಭವ ಆಗುವುದುಂಟು. ದೊಡ್ಡವರು ಹೇಳಿಕೊಳ್ಳುತ್ತಾರೆ, ಮಾತು ಬಾರದ ಹುಡುಗ ಹಣೆ ಬಡಿದುಕೊಳ್ಳುತ್ತಾನೆ. ನೋಡಿದವರು ಆಟಿಸಂ ಹೆಚ್ಚಾಯಿತು ಎನ್ನುತ್ತಾರೆ.

ಅಂದಿನಿಂದ ಅವಳು ಒಂದು ನೋಟುಪುಸ್ತಕ ಇಟ್ಟಳು. ಅಂಜುಮನ್ ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ, ನಡುನಡುವೆ ಕನ್ನಡದಲ್ಲಿ. ಎಷ್ಟು ಗಂಟೆ ಮಲಗಿದ, ಎಷ್ಟು ಸಲ ಕೈ ಕಚ್ಚಿದ, ಹೊಟ್ಟೆ ಹೇಗಿತ್ತು, ಮಾತ್ರೆ ಎಷ್ಟು ಎಂದೆಲ್ಲ ಬರೆದಳು.

ಈ ಬರಹದ ಪರಂಪರೆಯೂ ಚರಿತ್ರೆಯಲ್ಲಿದೆ. ಡೊನಾಲ್ಡ್‌ನ ತಂದೆಯ ಮಾತು ಆಗಲೇ ಹೇಳಿದೆವು. ಅಮೆರಿಕದ ಬರ್ನಾರ್ಡ್ ರಿಮ್‌ಲ್ಯಾಂಡ್ ಆಟಿಸಂ ಇದ್ದ ಮಗನ ತಂದೆ. ತಾಯಿಯ ತಪ್ಪಿನಿಂದ ಆಟಿಸಂ ಬರುತ್ತದೆ ಎಂಬ ವಾದವನ್ನು 1964ರಲ್ಲಿ ಪುಸ್ತಕ ಬರೆದು ಮುರಿದದ್ದು ಅವರೇ. ಪುಸ್ತಕದ ಕೊನೆಗೆ ಹೆತ್ತವರು ತುಂಬಿ ಕಳಿಸಬೇಕಾದ ಪ್ರಶ್ನೆಗಳ ಹಾಳೆಯಿತ್ತು. ಯಾವ ಔಷಧಿಯಿಂದ ಮಗುವಿಗೆ ಏನಾಯಿತು ಎಂದು ಹೆತ್ತವರಿಂದಲೇ ಬರೆಸಿ ಕೂಡಿಡುವ ಕೆಲಸವನ್ನೂ ಅವರು ಮಾಡಿದರು. ನಮ್ಮ ದೇಶದಲ್ಲಿ 1991ರಲ್ಲಿ ದಿಲ್ಲಿಯ 'ಆಕ್ಷನ್ ಫಾರ್ ಆಟಿಸಂ' ಕಟ್ಟಿದ ಮೆರ್ರಿ ಬರುವಾ ಕೂಡ ಇಂಥ ಮಗನ ತಾಯಿಯೇ. ಆದರೆ ಹೆತ್ತವರು ಬರೆದದ್ದೆಲ್ಲ ಸತ್ಯವೆಂದು ಹೇಳಲು ಹೋಗುವುದಿಲ್ಲ. ರಿಮ್‌ಲ್ಯಾಂಡ್ ಮುಂದೆ ವಿಟಮಿನ್ನುಗಳ ಅತಿಯಾದ ಪ್ರಮಾಣವನ್ನು ನೆಚ್ಚಿದರು, ಲಸಿಕೆಗಳನ್ನು ಅನುಮಾನಿಸಿದರು. ಆಸೆ ಕಣ್ಣಿಗೆ ಪೊರೆ ಕಟ್ಟುತ್ತದೆ. 2009ರ ಪರೀಕ್ಷೆಯಲ್ಲಿ ಏನೂ ಇಲ್ಲದ ಔಷಧಿ ಕುಡಿದ ಮೂರರಲ್ಲಿ ಒಂದು ಮಗು ಸುಧಾರಿಸಿದಂತೆ ಕಂಡದ್ದು ಸುಮ್ಮನೆ ಅಲ್ಲ.

2021ರ ಜನವರಿಯಲ್ಲಿ ದಕ್ಷಿಣದ ಆಸ್ಪತ್ರೆಗೆ ಹೋಗುವಾಗ ನಾವೂ ಜೊತೆಗಿದ್ದೆವು. ಹುಡುಗ ಉಣ್ಣುತ್ತಿದ್ದ, ಮಲಗುತ್ತಿದ್ದ, ಕೈಯ ಗಾಯ ಮಾಗಿತ್ತು. ವೈದ್ಯರಿಗೆ ಉರ್ದು ಬಾರದು, ನಾವು ಓದಿ ಹೇಳಿದೆವು. ಅವರು ಪುಟದ ಅಂಚಿನಲ್ಲಿದ್ದ ಗೀಟುಗಳ ಮೇಲೆ ಬೆರಳಿಟ್ಟು, "ಇದೇನು?" ಎಂದರು.

"ರೈಲು, ಡಾಕ್ಟರೇ" ಎಂದಳು ತಂಗಿ. "ಮಳೆಗಾಲ ಮುಗಿದ ಮೇಲೆ ರೈಲುಗಳು ಒಂದೊಂದಾಗಿ ಶುರುವಾದವಲ್ಲ. ಇವನನ್ನು ಕರೆದುಕೊಂಡು ಹೋದ ದಿನ ಒಂದು ಗೀಟು."

ವೈದ್ಯರು ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಗೀಟುಗಳು ಹೆಚ್ಚಾದ ವಾರಗಳಲ್ಲೇ ಕಚ್ಚಿಕೊಳ್ಳುವುದು ಕಡಿಮೆಯಾಗಿತ್ತು. ಮಾತ್ರೆಯೂ ಅದೇ ವಾರಗಳಲ್ಲಿ ನಡೆದಿತ್ತು. "ಗುಣ ಮಾಡಿದ್ದು ಮಾತ್ರೆಯೋ ರೈಲೋ ನನಗೂ ಹೇಳಲಿಕ್ಕಾಗದು" ಎಂದರು ಅವರು. "ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋಗೋಣ. ಎಷ್ಟು ದಿನಕ್ಕೆ ಎಷ್ಟು ಅಂತ ಬರೆದುಕೊಡುತ್ತೇನೆ. ಏನಾದರೂ ಹೆಚ್ಚುಕಡಿಮೆ ಕಂಡರೆ ಅದೇ ದಿನ ಫೋನು ಮಾಡಿ. ಈ ಪುಸ್ತಕ ಬಿಡಬೇಡಿ. ರೈಲನ್ನೂ ಬಿಡಬೇಡಿ."

ವಾಪಸು ಬರುವಾಗ ಬೈಂದೂರು ದಾಟುತ್ತಿದ್ದಂತೆ ಹುಡುಗ ತಾಯಿಯ ಕೈ ಹಿಡಿದು ಗಡಿಯಾರ ನೋಡತೊಡಗಿದ. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು.